ಏಳು ಗಂಟೆಯ ತಿಂಡಿ

ಬಿಳಿ ಟವೆಲ್ಲಿನ ಮೂಲೆಯಲ್ಲಿ ವಿಭೂತಿಯ ಮೂರು ಬೆರಳಿನ ಗುರುತಿತ್ತು. ನಡುವಿನದು ಉದ್ದ, ಅಕ್ಕಪಕ್ಕದವು ತುಸು ಗಿಡ್ಡ. ಅಷ್ಟು ಬಿಳಿಯ ಟವೆಲ್ಲಿನ ಮೇಲೆ ವಿಭೂತಿ ಬಿಳಿಯಾಗಿ ಕಾಣುವುದಿಲ್ಲ, ಬೂದುಬಣ್ಣಕ್ಕೆ ತಿರುಗುತ್ತದೆ. ಒದ್ದೆ ಬೆರಳಿನಿಂದ ಒರೆಸಿದೆ, ಇನ್ನಷ್ಟು ಹರಡಿತು. ಗುರುತು ಒಳಗೆ ಹೋಗುವ ಹಾಗೆ ಟವೆಲನ್ನು ಮಡಿಸಿ ಬೇಸಿನ್ನಿನ ಪಕ್ಕ ಇಟ್ಟು ಬಾತ್‌ರೂಮಿನಿಂದ ಹೊರಗೆ ಬಂದೆ.

ಹೊರಗೆ ಅಮ್ಮ ಮಂಚದ ಅಂಚಿನಲ್ಲಿ, ತೊಡೆಯ ಮೇಲೆ ವ್ಯಾನಿಟಿ ಬ್ಯಾಗ್ ಇಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಸ್ನಾನ ಆಗಿತ್ತು, ತಲೆ ಬಾಚಿಯಾಗಿತ್ತು, ಗೃಹಪ್ರವೇಶಗಳಿಗೆ ಉಡುವ ನೀಲಿ ಸೀರೆ ಉಟ್ಟಾಗಿತ್ತು. ಕಿಟಕಿಯ ಕಡೆ ಮುಖ ಮಾಡಿ ಅತ್ತೆ, ಎಂದರೆ ನನ್ನ ಅಪ್ಪನ ಅಕ್ಕ, ಮನೆಯಿಂದ ತಂದ ಚಾಪೆಯನ್ನು ಹೋಟೆಲಿನ ಕಾರ್ಪೆಟ್ಟಿನ ಮೇಲೆ ಹಾಸಿ ಕೂತಿದ್ದರು. ಎಡ ಅಂಗೈಯ ಮೇಲೆ ಇಷ್ಟಲಿಂಗ. ಅವರ ಪೂಜೆ ಶುರುವಾಗಿ ಬಹಳ ಹೊತ್ತಾಗಿತ್ತು. ಕೆಳಗಿನ ಮಹಡಿಯಲ್ಲಿ ತಿಂಡಿ ಶುರುವಾಗಿಯೂ ಬಹಳ ಹೊತ್ತಾಗಿತ್ತು.

ಭದ್ರಾವತಿಯಲ್ಲಿ ಮನೆಯಿಟ್ಟುಕೊಂಡು ಶಿವಮೊಗ್ಗದ ಹೋಟೆಲಿನಲ್ಲಿ ಯಾರೂ ಉಳಿಯುವುದಿಲ್ಲ. ಸಂಜೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದಷ್ಟು ಹತ್ತಿರ. ನಾನು ಆಲ್ಕೊಳ ಸರ್ಕಲ್ಲಿನ ಆಚೆಗಿರುವ ಒಂದು ಖಾಸಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ದಿನವೂ ಸಿಟಿ ಬಸ್ಸಿನ ಕಿಟಕಿಯಿಂದ ಈ ಹೋಟೆಲಿನ ಗಾಜಿನ ಮುಖ ನೋಡುತ್ತಿದ್ದೆ. ಒಳಗೆ ಹೋಗಬೇಕೆಂದು ನನಗೇನೂ ಅನ್ನಿಸಿರಲಿಲ್ಲ. ಮನೆಗೆ ಪೇಂಟ್ ಮಾಡಿಸಲು ಅಪ್ಪ ನಿಶ್ಚಯ ಮಾಡಿದಾಗ, ಅಮ್ಮನಿಗೆ ಪೇಂಟಿನ ವಾಸನೆಗೆ ಉಬ್ಬಸ ಬರುತ್ತದೆ ಎಂಬ ಕಾರಣ ಸಿಕ್ಕಿತು. ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ರೂಮು ಹಿಡಿದೆ. ನನಗೂ ಅಮ್ಮನಿಗೂ.

"ಅಲ್ಲಿ ಬೆಳಿಗ್ಗೆ ತಿಂಡಿ ಅವರೇ ಕೊಡ್ತಾರಾ?" ಎಂದು ಅಮ್ಮ ಕೇಳಿದ್ದಳು.

"ಕೊಡ್ತಾರೆ. ಏನೇನು ಬೇಕೋ ಅದು."

"ಎದ್ದ ತಕ್ಷಣ ಹೋದ್ರೂ?"

"ಎದ್ದ ತಕ್ಷಣ ಹೋಗೋಣ."

ಅವಳಿಗೆ ಬೇಕಾದದ್ದು ಅಷ್ಟೇ ಇತ್ತು. ಹಸಿವಾದ ಹೊತ್ತಿಗೆ, ಬಿಸಿಯಾಗಿದ್ದಾಗ, ಒಂದು ತಿಂಡಿ.

ಪೂಜೆ ಮುಗಿಸಿ ತಿನ್ನುವುದು ನಮ್ಮವರ ಎಷ್ಟೋ ಮನೆಗಳಲ್ಲಿದೆ. ಅವರವರ ಪೂಜೆ, ಅವರವರ ತಿಂಡಿ. ನಮ್ಮ ಮನೆಯಲ್ಲಿ ಮಾತ್ರ ಅತ್ತೆಯ ಪೂಜೆ ಮುಗಿಯುವವರೆಗೆ ಉಳಿದ ಹೆಂಗಸರೂ ತಿನ್ನುವ ಹಾಗಿರಲಿಲ್ಲ, ಕಾಫಿ ಕೂಡ ಕುಡಿಯುವ ಹಾಗಿರಲಿಲ್ಲ. ಇದನ್ನು ಯಾವ ಮಠವೂ ಹೇಳಿದ್ದಲ್ಲ, ಅತ್ತೆ ಹೇಳಿದ್ದು. ಗಂಡ ತೀರಿಕೊಂಡ ಮೇಲೆ ಅತ್ತೆ ತಮ್ಮನ ಮನೆಗೆ ಬಂದರು. ಆಮೇಲೆ ಆ ಮನೆಗೆ ಅಮ್ಮ ಸೊಸೆಯಾಗಿ ಬಂದಳು. ಮೊದಲು ಬಂದವರು ಮಾಡಿದ ನಿಯಮ ಹಾಗೇ ನಿಂತಿತು. ಅಮ್ಮ ಕತ್ತಲಿರುವಾಗಲೇ ಎದ್ದು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಮೂರು ರೊಟ್ಟಿ ತಿಂದು ಕ್ಯಾರಿಯರ್ ಹಿಡಿದು ಕಾರ್ಖಾನೆಗೆ ಹೋಗುತ್ತಿದ್ದರು. ಉಳಿದ ರೊಟ್ಟಿಯ ಮುಂದೆ ಅಮ್ಮ ಕಾಯುತ್ತಿದ್ದಳು. ಅಮ್ಮನ ಮೇಲೆ ಸಿಟ್ಟಿದ್ದ ದಿನ ಅತ್ತೆಯ ಪೂಜೆ ಉದ್ದವಾಗುತ್ತಿತ್ತು. ಅಮ್ಮನ ತವರಿನವರು ಬಂದುಹೋದ ಮರುದಿನ ಇನ್ನೂ ಉದ್ದ. ರೊಟ್ಟಿ ಬಿಸಿಯಿದ್ದಾಗ ಹೇಗಿರುತ್ತದೆಂದು ಅಮ್ಮನಿಗೆ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ನಾನು ದೊಡ್ಡವಳಾದ ಮೇಲೆ ನಿಯಮ ನನಗೂ ಬಂತು. ನಾನು ವಾದ ಮಾಡಲಿಲ್ಲ. ಮೊದಲು ಹಾಸ್ಟೆಲ್ ಸೇರಿದೆ, ಆಮೇಲೆ ಬೆಳಗಿನ ಬಸ್ಸು ಹಿಡಿದು ಕಾಲೇಜಿನ ಕ್ಯಾಂಟೀನಿನಲ್ಲಿ ತಿನ್ನುವ ಅಭ್ಯಾಸ ಮಾಡಿಕೊಂಡೆ.

ಹೋಟೆಲಿಗೆ ಹೊರಡುವ ಹಿಂದಿನ ದಿನ ಅಪ್ಪ ಪೇಪರಿನಿಂದ ತಲೆಯೆತ್ತದೆ, "ಅಕ್ಕ ಒಬ್ರೇ ಈ ವಾಸನೇಲಿ ಹೇಗಿರ್ತಾರೆ? ಕರ್ಕೊಂಡು ಹೋಗಿ" ಎಂದರು. ಅತ್ತೆ ಒಳಗಿನಿಂದ, "ನನಗ್ಯಾಕಪ್ಪ ದೊಡ್ಡ ಹೋಟ್ಲು, ನಾನು ಹಿತ್ತಲಲ್ಲಿ ಚಾಪೆ ಹಾಕ್ಕೊಂಡು ಬಿದ್ದಿರ್ತೀನಿ" ಎಂದರು. ಆ ಹೊತ್ತಿಗೆ ಅವರ ಬ್ಯಾಗು ತುಂಬಿಯಾಗಿತ್ತು. ಜಿಪ್ ಎಳೆದ ಸದ್ದು ನನಗೆ ಕೇಳಿತ್ತು.

ಶುಕ್ರವಾರ ಸಂಜೆ ಬೇಗನೆ ಊಟಕ್ಕೆ ಇಳಿದೆವು. ಬಡಿಸುವವನು ನೀರು ಹಾಕುತ್ತಿದ್ದಾಗ ಅಮ್ಮ ಕೇಳಿದಳು: "ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ ಶುರುವಪ್ಪ?"

"ಏಳಕ್ಕೆ ಮೇಡಂ."

"ಏಳಕ್ಕೇ ಬಂದ್ರೂ ಎಲ್ಲಾ ಬಿಸಿ ಇರುತ್ತಾ?"

"ಆಗ್ಲೇ ಬಿಸಿ ಮೇಡಂ. ದೋಸೆ ನಿಮ್ಮ ಮುಂದೇನೇ ಹಾಕಿಕೊಡ್ತಾರೆ."

ಅಮ್ಮ ನನ್ನ ಕಡೆ ನೋಡಿ ನಕ್ಕಳು. ಅತ್ತೆ ತುಟಿ ಒರೆಸಿಕೊಂಡು ಅದೇ ಹುಡುಗನನ್ನು ಕೇಳಿದರು: "ಮುಗಿಯೋದು ಎಷ್ಟೊತ್ತಿಗೆ?"

"ಹತ್ತೂವರೆಗೆ ಅಮ್ಮಾ."

"ಸರಿ" ಎಂದರು ಅತ್ತೆ.

ಹೀಗಾಗಿ ಶನಿವಾರ ಬೆಳಿಗ್ಗೆ ಅಮ್ಮ ಬ್ಯಾಗ್ ಹಿಡಿದು ಕೂತಳು, ಅತ್ತೆ ಲಿಂಗ ಹಿಡಿದು ಕೂತರು. ನಾನು ಅಮ್ಮನ ಕಿವಿಯಲ್ಲಿ, "ಬಾ, ನಾವಿಬ್ರೇ ಹೋಗಿ ಬರೋಣ. ಇದು ನಮ್ಮನೆ ಅಲ್ಲ" ಎಂದೆ.

"ಪೂಜೆಗೆ ಕೂತಿದಾರಲ್ಲೇ."

"ಕೂತಿರ್ಲಿ."

"ಹಾಗನ್ಬಾರ್ದು. ಇನ್ನೇನು ಮುಗಿಯುತ್ತೆ."

ಅತ್ತೆಯ ಮಂತ್ರದ ಧ್ವನಿ ಸ್ವಲ್ಪ ಏರಿತು. ಬಾಗಿಲ ಸಂದಿಯಿಂದ ಯಾರೋ ಹೊರಗೆ ತಟ್ಟೆಯೊಂದಿಗೆ ಹಾದುಹೋದ ವಾಸನೆ ಬಂತು, ತುಪ್ಪದ್ದು, ಅಥವಾ ಹುರಿದ ಈರುಳ್ಳಿಯದು. ಅಮ್ಮ ಬ್ಯಾಗಿನ ಗುಂಡಿ ತೆಗೆದಳು, ಹಾಕಿದಳು. ಅತ್ತೆಗೆ ಸಕ್ಕರೆ ಕಾಯಿಲೆಯಿತ್ತು. ಎದ್ದ ಕೂಡಲೇ ಮಾತ್ರೆ ನುಂಗುತ್ತಿದ್ದರು, ಅದಕ್ಕೆ ಬೇಕಾದ ಎರಡು ಗುಟುಕು ನೀರನ್ನು ಮಾತ್ರ ನಿಯಮದಿಂದ ಹೊರಗಿಟ್ಟಿದ್ದರು. ಮಾತ್ರೆ ನುಂಗಿ ಅಷ್ಟು ಹೊತ್ತು ಹಸಿದಿರುವುದು ಅವರಿಗೂ ಒಳ್ಳೆಯದಲ್ಲ. ಲಿಂಗ ಹಿಡಿದ ಕೈ ಕೊನೆಕೊನೆಗೆ ಸಣ್ಣಗೆ ನಡುಗುತ್ತಿತ್ತು. ಆದರೂ ಏಳಲಿಲ್ಲ. ಆ ಹಟವನ್ನು ನಾನು ಮೆಚ್ಚಬೇಕಾಗುತ್ತದೆ.

ನಾವು ಕೆಳಗಿಳಿದಾಗ ಬಫೆ ಮೇಜಿನ ಮೇಲೆ ಬಟ್ಟೆ ಮಾತ್ರ ಇತ್ತು. ಒಬ್ಬ ದೋಸೆಯ ಕಾವಲಿಯನ್ನು ಒರೆಸುತ್ತಿದ್ದ. ಶುಕ್ರವಾರದ ಹುಡುಗ ಓಡಿ ಬಂದು, "ಅಯ್ಯೋ ಮೇಡಂ, ಈಗಷ್ಟೇ ಎತ್ತಿದ್ವಿ. ಬ್ರೆಡ್ ಟೋಸ್ಟ್ ಮಾಡಿಸ್ಲಾ?" ಎಂದ. ಅವನ ಮುಖದಲ್ಲಿ ನಿಜವಾದ ಬೇಸರ ಇತ್ತು.

"ಬೇಡಪ್ಪ, ನಮ್ಮ ಹತ್ರ ಬಾಳೆಹಣ್ಣಿದೆ" ಎಂದು ಅತ್ತೆ ಸೀರೆಯ ಸೆರಗಿನೊಳಗಿಂದ ಒಂದು ಚಿಪ್ಪು ತೆಗೆದರು. ಅದನ್ನು ಅವರು ರೂಮಿನಿಂದಲೇ ಹಿಡಿದುಕೊಂಡು ಬಂದಿದ್ದರು. ಒಂದು ಹಣ್ಣು ಮುರಿದು ಅಮ್ಮನ ಮುಂದೆ ಹಿಡಿದರು. "ತಗೊಳ್ಳೇ. ಯಾಕೆ ಹಾಗೆ ನೋಡ್ತೀಯ? ನಿನ್ನ ತಮ್ಮನ ಮನೆದಲ್ಲ, ಚೆನ್ನಾಗಿದೆ."

ಅಮ್ಮ ನಿಂತಲ್ಲೇ ಸಿಪ್ಪೆ ಸುಲಿದು ತಿಂದಳು. ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಬ್ಯಾಗಿನೊಳಗೆ ಹಾಕಿಕೊಂಡಳು.

ಮಧ್ಯಾಹ್ನ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋದೆವು. ಸಫಾರಿಯ ವ್ಯಾನಿನಲ್ಲಿ ಇನ್ನೂ ಒಂದಿಷ್ಟು ಜನರಿದ್ದರು. ಒಂದು ಸಿಂಹ ಮರದ ಕೆಳಗೆ ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿತ್ತು, ವ್ಯಾನು ಹತ್ತಿರ ಹೋದರೂ ಕಣ್ಣು ತೆರೆಯಲಿಲ್ಲ. ಯಾರೋ, "ಏನು ಮಾರಾಯ, ಇದಕ್ಕೆ ಊಟ ಹಾಕಲ್ವಾ?" ಎಂದರು. ಡ್ರೈವರ್ ತಮಾಷೆಗೋ ನಿಜಕ್ಕೋ, "ವಾರಕ್ಕೊಂದಿನ ಉಪವಾಸ ಸರ್ ಇವಕ್ಕೆ" ಎಂದ.

ಅಮ್ಮ ಕಿಟಕಿಯ ಸರಳಿಗೆ ಹಣೆ ಒತ್ತಿ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು: "ಪಾಪ. ಇದರ ಮನೇಲೂ ಒಬ್ರು ಅಕ್ಕ ಇದಾರೆ ಅಂತ ಕಾಣುತ್ತೆ."

ಅರ್ಥ ಗೊತ್ತಿಲ್ಲದಿದ್ದರೂ ವ್ಯಾನಿನ ಜನ ನಕ್ಕರು. ಅಮ್ಮ ಮಾತಿನ ಧಾಟಿಗೇ ನಗು ಬರಿಸಬಲ್ಲವಳು. ನಾನೂ ನಕ್ಕೆ. ಅತ್ತೆ ಹಿಂದಿನ ಸೀಟಿನಲ್ಲಿದ್ದರು. ನಗು ನಿಲ್ಲುವವರೆಗೆ ಕಾದು ಹೇಳಿದರು:

"ಅದು ಕಾಡುಪ್ರಾಣಿ. ಹಸಿವಾದ್ರೂ ಹಲ್ಲು ಬಿಟ್ಕೊಂಡು ಊರಿಗೆಲ್ಲ ಹೇಳ್ಕೊಂಡು ತಿರುಗಲ್ಲ. ಅಷ್ಟು ಮಾನ ಅದಕ್ಕಿದೆ."

ಈ ಸಲ ಯಾರೂ ನಗಲಿಲ್ಲ. ನಮ್ಮ ಮುಂದೆ ಕೂತಿದ್ದ ಹೆಂಗಸು ಹಿಂದೆ ತಿರುಗಿ ಅಮ್ಮನ ಮುಖ ನೋಡಿ ಬೇಗ ಮುಂದೆ ತಿರುಗಿದಳು. ವಾಪಸ್ ಬಂದೆವು. ಹೋಟೆಲಿನ ಬಾಗಿಲಲ್ಲಿ ಅತ್ತೆ ನನಗೆ ಕೇಳಿಸುವ ಹಾಗೆ, ಅಮ್ಮನಿಗೆ ಹೇಳಿದರು: "ನಾಳೆ ಹೊರಡೋ ದಿನ. ಪೂಜೆ ಸ್ವಲ್ಪ ನಿಧಾನಕ್ಕೆ ಮಾಡ್ಬೇಕು, ನಿನ್ನೆ ಇವತ್ತು ಮನಸ್ಸೇ ನಿಲ್ಲಲಿಲ್ಲ."

ಆಗ ಅಮ್ಮ ನೆಲ ನೋಡುತ್ತಿದ್ದಳು. ಹೋಟೆಲಿನವರು ಕನ್ನಡಿಯ ಹಾಗೆ ಉಜ್ಜಿಟ್ಟ ನೆಲ. ಅದರಲ್ಲಿ ಅವಳಿಗೆ ಅತ್ತೆಯ ಮುಖ ಕಾಣುತ್ತಿತ್ತೇನೋ.

ಭಾನುವಾರ ಬೆಳಿಗ್ಗೆ ಅತ್ತೆ ಮಾತ್ರೆ ನುಂಗಿ ಸ್ನಾನಕ್ಕೆ ಹೋದರು. ಹಿಂದಿನ ದಿನ ಹೋಟೆಲಿನವರಿಂದ ಬಕೆಟ್ ಮಗ್ಗು ತರಿಸಿಕೊಂಡಿದ್ದರು, ನಾನೇ ನೀರು ಬೆರೆಸಿ ಕೊಟ್ಟಿದ್ದೆ. ಈ ದಿನ ತಾವೇ ನಲ್ಲಿಯ ಹಿಡಿ ತಿರುಗಿಸಿದರು. ಬಕೆಟ್ಟಿಗೆ ಬರಬೇಕಾದ ನೀರು ನೆತ್ತಿಯ ಮೇಲಿನ ಅಗಲದ ಷವರಿನಿಂದ ಬಂತು. ಅವರು ಕೂಗಿದ್ದು ಕೇಳಿ ನಾನು ಹೋಗಿ ನಿಲ್ಲಿಸುವಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ನೆನೆದಿದ್ದರು. ಅಮ್ಮ ಮಂಚದ ಮೇಲಿಂದ, "ಮಳೆ ಬಂತಾ ಅಕ್ಕ?" ಎಂದಳು.

ಅತ್ತೆಯ ಕೊರಳಿನಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಲಿಂಗವನ್ನು ಇಟ್ಟು ಮೈಮೇಲೆ ಧರಿಸುವ ಪುಟ್ಟ ಡಬ್ಬಿ. ಅದನ್ನು ಕಟ್ಟಿದ್ದ ಶಿವದಾರ ಹಳೆಯದು. ನೀರು ಕುಡಿದು ಅದರ ಗಂಟು ಸಡಿಲಾಗಿ ಜಾರಿತು. ನೆಲಕ್ಕೆ ಬೀಳುವ ಮೊದಲೇ ಅತ್ತೆ ಕರಡಿಗೆಯನ್ನು ಹಿಡಿದುಕೊಂಡರು. ಹಣೆಯಿಂದ ಇಳಿದ ವಿಭೂತಿಯನ್ನು ಒರೆಸಿಕೊಂಡ ಬೆರಳುಗಳಿಂದ ಒಂದು ಸಣ್ಣ ಟವೆಲ್ ಎಳೆದು, ಕರಡಿಗೆಯನ್ನು ಅದರಲ್ಲಿ ಸುತ್ತಿ, ಕಲ್ಲಿನ ಕಟ್ಟೆಯ ಮೇಲೆ ಇಟ್ಟರು. ಒಣ ಸೀರೆಯೂ ಹೊಸ ಶಿವದಾರವೂ ರೂಮಿನಲ್ಲಿದ್ದ ಬ್ಯಾಗಿನಲ್ಲಿದ್ದವು. ಅದಕ್ಕಾಗಿ ಹೊರಗೆ ಬಂದರು. ಲಿಂಗವನ್ನು ಮೈಯಿಂದ ದೂರ ಇಟ್ಟು ಅವರು ನಾಲ್ಕು ಹೆಜ್ಜೆ ನಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹಲ್ಲುಜ್ಜಿ ಬರ್ತೀನಿ" ಎಂದು ಅಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒದ್ದೆ ಟವೆಲುಗಳ ರಾಶಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹೊರಬಂದಳು. ರೂಮಿನ ಬಾಗಿಲು ತೆರೆದಳು. ಕಾರಿಡಾರಿನಲ್ಲಿ ಕ್ಲೀನಿಂಗಿನವರ ಟ್ರಾಲಿ ಹೋಗುತ್ತಿತ್ತು. ರಾಶಿಯನ್ನು ಅದರೊಳಗೆ ಹಾಕಿ ಬಾಗಿಲು ಮುಚ್ಚಿದಳು.

ಅತ್ತೆ ಸೀರೆ ಉಟ್ಟು, ಹೊಸ ದಾರ ಹಿಡಿದು ಬಾತ್‌ರೂಮಿಗೆ ಹೋದರು. ಮೊದಲು ಸದ್ದಿಲ್ಲ. ಆಮೇಲೆ ಬಕೆಟ್ ಉರುಳಿದ ಸದ್ದು.

"ಇಲ್ಲಿದ್ದ ಟವೆಲ್ ಎಲ್ಲಿ?"

"ಒದ್ದೆ ಇತ್ತಲ್ಲ ಅಕ್ಕ. ಟ್ರಾಲಿಗೆ ಹಾಕ್ದೆ."

"ಅದ್ರಲ್ಲಿ ನನ್ನ ಲಿಂಗ ಇತ್ತು!"

"ಅಯ್ಯೋ ಶಿವನೇ" ಎಂದಳು ಅಮ್ಮ. "ಟವೆಲ್ಲಲ್ಲಿ ಯಾರಾದ್ರೂ ಲಿಂಗ ಇಡ್ತಾರಾ?"

ನಾನು ಕಾರಿಡಾರಿಗೆ ಓಡಿದೆ. ಟ್ರಾಲಿ ಲಿಫ್ಟಿನಲ್ಲಿ ಇಳಿದು ಹೋಗಿತ್ತು. ರಿಸೆಪ್ಷನ್‌ಗೆ ಫೋನ್ ಮಾಡಿದೆ. ಅವರು ಏನು ಕಳೆದಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಏನು ಹೇಳಲಿ ಎಂದು ಯೋಚಿಸಿ, ಬೆಳ್ಳಿಯ ಒಂದು ಪುಟ್ಟ ಡಬ್ಬಿ ಎಂದೆ. ಅತ್ತೆ ಅಲ್ಲಿಂದಲೇ, "ಡಬ್ಬಿ ಅನ್ಬೇಡ!" ಎಂದು ಕೂಗಿದರು.

ಅತ್ತೆಯ ಪ್ರಕಾರ ಲಿಂಗ ಸಿಗುವವರೆಗೆ ನೀರೂ ಇಲ್ಲ. ಸಿಗದಿದ್ದರೆ ಮಠಕ್ಕೆ ಹೋಗಿ ಸ್ವಾಮಿಗಳ ಕಾಲು ಹಿಡಿದು ಮತ್ತೆ ಕಟ್ಟಿಸಿಕೊಳ್ಳಬೇಕು, ಅಲ್ಲಿಯವರೆಗೆ ಹಾಗೇ ಇರಬೇಕು. ಅವರು ಇದನ್ನು ಬಾಯಿಬಿಟ್ಟು ಹೇಳುವುದು ಬೇಕಿರಲಿಲ್ಲ, ನಾವಿಬ್ಬರೂ ಇದನ್ನು ಕೇಳಿಕೊಂಡೇ ಬೆಳೆದವರು. ಅವರು ಮಂಚದ ಕೆಳಗೆ ಬಗ್ಗಿ ನೋಡಿದರು, ಅಲ್ಲಿ ಇರುವ ಸಾಧ್ಯತೆಯೇ ಇರಲಿಲ್ಲ. ದಿಂಬುಗಳನ್ನು ಎತ್ತಿ ನೋಡಿದರು. ನೆನೆದ ಕೂದಲಿನಿಂದ ಕಾರ್ಪೆಟ್ಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

ಲಾಂಡ್ರಿಯಿಂದ ಒಬ್ಬಾತ ನಮ್ಮ ಮಹಡಿಯ ಟವೆಲುಗಳನ್ನೆಲ್ಲ ಒಂದು ಚೀಲದಲ್ಲಿ ತಂದು ಬಾಗಿಲಲ್ಲಿ ಸುರಿದ. ಅತ್ತೆ ನೆಲದಲ್ಲಿ ಕೂತು, ಬೇರೆ ಯಾರ್‍ಯಾರದೋ ಮೈ ಒರೆಸಿದ ಟವೆಲುಗಳನ್ನು ಒಂದೊಂದಾಗಿ ಬಿಡಿಸಿ ಕೊಡವಿದರು. ಬೇರೆ ಜಾತಿಯವರು ಕೂತ ಬೆಂಚಿಗೆ ನೀರು ಚಿಮುಕಿಸಿ ಕೂರುತ್ತಿದ್ದವರು. ಒಂದು ಸಣ್ಣ ಟವೆಲ್ಲಿನಲ್ಲಿ ಮೂರು ಬೆರಳಿನ ಗುರುತಿತ್ತು. ಅದನ್ನು ಕಂಡಾಗ ಅವರ ಮುಖ ಅರಳಿತು. ಕೊಡವಿದರು. ತಿರುಗಿಸಿ ಕೊಡವಿದರು. ಅದರಲ್ಲಿ ಏನೂ ಇರಲಿಲ್ಲ.

ಅಮ್ಮ ಕನ್ನಡಿಯ ಮುಂದೆ ನಿಂತು ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದಳು. ಬ್ಯಾಗ್ ಹೆಗಲಿಗೆ ಏರಿಸಿ ನನಗೆ ಹೇಳಿದಳು: "ಬಾರೇ, ತಿಂಡಿಗೆ ಹೋಗೋಣ."

ಅತ್ತೆ ತಲೆಯೆತ್ತಿದರು. "ಏನಂದೆ?"

"ತಿಂಡಿಗೆ, ಅಕ್ಕ. ನಿಮ್ಮ ಪೂಜೆ ಮುಗಿಯೋವರೆಗೂ ತಿನ್ಬಾರ್ದು ಅಂತ ತಾನೆ? ಇವತ್ತು ಪೂಜೆನೇ ಇಲ್ಲವಲ್ಲ. ಇಲ್ಲದ್ದಕ್ಕೆ ಹೇಗೆ ಕಾಯೋದು, ನೀವೇ ಹೇಳಿ."

ಲಾಂಡ್ರಿಯವನು ಚೀಲ ಮಡಿಸುತ್ತ ನೆಲ ನೋಡಿದ. ಅತ್ತೆ ಕೈಯಲ್ಲಿದ್ದ ಟವೆಲನ್ನು ಮತ್ತೊಮ್ಮೆ ಕೊಡವಿದರು. ಅಷ್ಟು ವರ್ಷಗಳ ನಿಯಮದಲ್ಲಿ ಆ ಒಂದು ತೂತನ್ನು ಅವರು ಯಾವತ್ತೂ ನೋಡಿರಲಿಲ್ಲ.

ನಾನು ಅಮ್ಮನ ಹಿಂದೆ ಹೋದದ್ದು ತಿಂಡಿಗಾಗಿ ಅಲ್ಲ, ಮ್ಯಾನೇಜರನ್ನು ಕಂಡು ಮಾತಾಡಲು. ಅವರು ಇನ್ನೊಮ್ಮೆ ಹುಡುಕಿಸುತ್ತೇವೆಂದರು. ನಾನು ಬಫೆಗೆ ಬಂದಾಗ ಅಮ್ಮ ಕಿಟಕಿಯ ಪಕ್ಕದ ಮೇಜು ಹಿಡಿದಿದ್ದಳು. ಅವಳ ಮುಂದೆ ಮಸಾಲೆ ದೋಸೆ ಹಬೆಯಾಡುತ್ತಿತ್ತು. ಅವಳು ಅದರ ಅಂಚನ್ನು ಬೆರಳಿನಿಂದ ಮುಟ್ಟಿ, ಬಿಸಿ ತಾಗಿ ಕೈ ಹಿಂದೆ ಎಳೆದುಕೊಂಡು, ಮತ್ತೆ ಮುಟ್ಟಿದಳು. ಆಮೇಲೆ ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಲಿಲ್ಲ, ಆಹಾ ಅನ್ನಲಿಲ್ಲ. ಕೆಲಸ ಮಾಡುವವಳ ಹಾಗೆ ಒಂದೇ ಸಮನೆ ತಿಂದಳು.

ದೋಸೆ ಮುಗಿದ ಮೇಲೆ ಕೈ ಒರೆಸಲು ಬ್ಯಾಗಿನಿಂದ ಕರ್ಚೀಫ್ ಎಳೆದಳು. ಅದರ ಜೊತೆ ಕರಡಿಗೆ ಅರ್ಧ ಹೊರಗೆ ಬಂತು. ಅವಳು ಅದನ್ನು ಮರೆಮಾಡಲಿಲ್ಲ. ಒಳಗೆ ತಳ್ಳಿ, ಬ್ಯಾಗನ್ನು ಮಡಿಲಿಗೆ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ಅಮ್ಮ."

"ಕೂತ್ಕೊ. ಕೇಸರಿಬಾತ್ ಚೆನ್ನಾಗಿದೆಯಂತೆ, ತಗೊಂಡು ಬಾ."

"ಅವರು ಮಾತ್ರೆ ತಗೊಂಡಿದಾರೆ. ಹೊಟ್ಟೇಲಿ ಏನಿಲ್ಲ. ಏನಾದ್ರೂ ಆದ್ರೆ?"

"ನಿನ್ನೆ ಹತ್ತೂವರೆವರೆಗೂ ಕೂತಿದ್ರಲ್ಲ. ಆಗ ಏನೂ ಆಗ್ಲಿಲ್ಲ. ಇನ್ನೂ ಒಂಬತ್ತಾಗಿಲ್ಲ ನೋಡು ಗಂಟೆ."

"ನಿನ್ನೆ ಅವರೇ ಬೇಕು ಅಂತ ಕೂತಿದ್ದು."

"ಹೌದು. ನನ್ನನ್ನ ಕಾಯಿಸ್ಬೇಕು ಅಂತ ಕೂತಿದ್ರು." ಅಮ್ಮ ಲೋಟದ ನೀರು ಕುಡಿದಳು. "ನೀನು ಹೊಟ್ಟೇಲಿದ್ದಾಗ ಒಂದಿನ ಒಲೆ ಮುಂದೇನೇ ಕಣ್ಣು ಕತ್ತಲೆ ಬಂದು ಬಿದ್ದೆ. ನಿಮ್ಮತ್ತೆ ಪೂಜೆಯಿಂದ ಎದ್ದು ಬಂದು ನೋಡಿದ್ರು. ನೋಡಿ, ವಾಪಸ್ ಹೋಗಿ ಕೂತ್ರು. ಪಕ್ಕದ ಕ್ವಾರ್ಟರ್ಸಿನ ತಮಿಳು ಹೆಂಗಸು ಬಂದು ನೀರು ಕುಡಿಸಿದ್ಲು. ಆಮೇಲೆ ನಿಮ್ಮತ್ತೆ ಏನಂದ್ರು ಗೊತ್ತಾ? ಪೂಜೆಗೆ ಮೊದ್ಲೇ ನೀರು ಕುಡಿದೆಯಲ್ಲೇ ಅಂದ್ರು."

ಇದನ್ನು ಅವಳು ನನಗೆ ಹಿಂದೆಂದೂ ಹೇಳಿರಲಿಲ್ಲ. ಹೇಳುವಾಗಲೂ ದನಿ ಏರಲಿಲ್ಲ. ನಾನು ಕೈ ಚಾಚಿದೆ. "ಕೊಡು. ನಾನು ಕೊಟ್ಟು ಬರ್ತೀನಿ. ಟ್ರಾಲಿಯಲ್ಲಿ ಸಿಕ್ತು ಅಂತೀನಿ."

"ಕಾಫಿ ಕುಡಿದು ಬರ್ತೀನಿ. ನಾನೇ ಕೊಡ್ತೀನಿ."

ಬಡಿಸುವ ಹುಡುಗ ಬಂದು, "ಇವತ್ತು ಬಿಸಿ ಸಿಕ್ತಾ ಮೇಡಂ?" ಎಂದು ಕೇಳಿದ. "ಸಿಕ್ತು ಕಣಪ್ಪ" ಎಂದು ಅಮ್ಮ ಅವನಿಗೆ ಬಹಳ ಪ್ರೀತಿಯಿಂದ ಹೇಳಿದಳು. ಕಾಫಿ ಕುಡಿದಳು. ಹಣ್ಣಿನ ತಟ್ಟೆಯಿಂದ ಪರಂಗಿಹಣ್ಣು ತಂದು ತಿಂದಳು. ಇನ್ನೊಂದು ಕಾಫಿ ತರಿಸಿದಳು. ನಾನು ಎದುರಿಗೆ ಕೂತು ಕಾದೆ. ನಮ್ಮ ಮನೆಯ ಹೆಂಗಸರಿಗೆ ಅದು ಹೇಗೆಂದು ಗೊತ್ತು.

ರೂಮಿಗೆ ಹೋದಾಗ ಅತ್ತೆ ಟವೆಲುಗಳ ನಡುವೆ ಗೋಡೆಗೆ ಒರಗಿ ಕೂತಿದ್ದರು. ಮುಖ ಬೆವರಿತ್ತು, ಎರಡೂ ಕೈ ನಡುಗುತ್ತಿದ್ದವು, ತುಟಿ ಬಿಳಿಚಿತ್ತು. ಅಮ್ಮ ನೇರ ಬಾತ್‌ರೂಮಿಗೆ ಹೋಗಿ ಅರೆಗಳಿಗೆಯಲ್ಲಿ ಹೊರಬಂದಳು.

"ಇಲ್ಲೇ ಕಸದ ಬುಟ್ಟಿ ಹಿಂದೆ ಬಿದ್ದಿತ್ತಲ್ಲ ಅಕ್ಕ! ಎಲ್ಲಾ ಕ‌ಡೆ ಹುಡುಕಿದ್ರಿ, ಅಲ್ಲಿ ನೋಡ್ಲಿಲ್ವಾ?"

ಅತ್ತೆ ಎರಡೂ ಕೈ ಒಡ್ಡಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನೋಡಿದರು. ಹಳೆಯ ಶಿವದಾರ ಕರಡಿಗೆಯ ಸುತ್ತ ಸುತ್ತಿತ್ತು. ಸುಮ್ಮನೆ ಸುತ್ತಿದ್ದಲ್ಲ, ಒಂದರ ಮೇಲೊಂದು ಅಡ್ಡ ಬರುವ ಹಾಗೆ, ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿ. ಅಮ್ಮ ಹೊಲಿಗೆಯ ದಾರವನ್ನೂ ಇಸ್ತ್ರಿ ಪೆಟ್ಟಿಗೆಯ ವಯರನ್ನೂ ನನ್ನ ಮೊಬೈಲ್ ಚಾರ್ಜರನ್ನೂ ಸುತ್ತಿಡುವುದು ಹಾಗೆಯೇ. ನಮ್ಮ ಮನೆಯ ಪ್ರತಿ ಡ್ರಾಯರಿನಲ್ಲಿ ಆ ಸುತ್ತು ಇದೆ. ಅವಳ ಕೈ ಅವಳಿಗೆ ಗೊತ್ತಿಲ್ಲದೆ ಅಚ್ಚುಕಟ್ಟು ಮಾಡಿತ್ತು.

ಅತ್ತೆ ಆ ಸುತ್ತನ್ನು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಅಮ್ಮನೂ ಆಗಲೇ ನೋಡಿದ್ದು ಎಂದು ಕಾಣುತ್ತದೆ, ಅವಳ ಕೈ ಬ್ಯಾಗಿನ ಗುಂಡಿಗೆ ಹೋಯಿತು.

"ತಿಂಡಿ ಚೆನ್ನಾಗಿತ್ತಾ?" ಎಂದು ಅತ್ತೆ ಕೇಳಿದರು.

"ಚೆನ್ನಾಗಿತ್ತು."

"ಏನೇನು ತಿಂದೆ?"

"ದೋಸೆ."

"ಆಮೇಲೆ?"

"ಕಾಫಿ."

"ಆಮೇಲೆ?"

"ಪರಂಗಿಹಣ್ಣು. ಇನ್ನೊಂದು ಕಾಫಿ."

"ಹೂಂ" ಎಂದರು ಅತ್ತೆ. ಅವರು ಬಯ್ಯಬಹುದಿತ್ತು. ಅಮ್ಮ ಅದಕ್ಕೆ ಸಿದ್ಧಳಾಗಿ ನಿಂತಿದ್ದಳು, ಬಯ್ಗುಳವನ್ನು ಎದುರು ನೋಡುತ್ತಿದ್ದಳು ಎಂದರೂ ಸರಿ. ಅತ್ತೆ ಹೊಸ ದಾರ ಕಟ್ಟಿದರು, ಚಾಪೆ ಹಾಸಿದರು, ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ನಾನು ಅವರ ಬ್ಯಾಗಿನಲ್ಲಿದ್ದ ಬಾಳೆಹಣ್ಣು ಹುಡುಕಿ ತೆಗೆಯುವಷ್ಟರಲ್ಲಿ ಪೂಜೆ ಮುಗಿದಿತ್ತು. ಅಷ್ಟು ಬೇಗ ಮುಗಿಯಬಲ್ಲದು ಎಂಬುದನ್ನು ನಾವು ಮೂವರೂ ಒಟ್ಟಿಗೆ ನೋಡಿದೆವು.

ಮಧ್ಯಾಹ್ನ ಭದ್ರಾವತಿಯ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ, ಅಮ್ಮ ಅವರ ಪಕ್ಕ ಕೂತರು. ಬೇರೆ ಸೀಟು ಖಾಲಿ ಇರಲಿಲ್ಲ. ತಿರುವಿನಲ್ಲಿ ಒಬ್ಬರ ಭುಜ ಇನ್ನೊಬ್ಬರಿಗೆ ತಾಗುತ್ತಿತ್ತು.

ಮನೆಯ ಗೋಡೆಗಳು ತಿಳಿ ಹಸಿರಾಗಿದ್ದವು. ಅಪ್ಪ ಹೆಮ್ಮೆಯಿಂದ ಒಂದೊಂದು ಕೋಣೆಯನ್ನೂ ತೋರಿಸಿದರು. ಸಂಜೆ ಕಾಫಿ ಕುಡಿಯುವಾಗ ಅತ್ತೆ ಅವರಿಗೆ ಹೇಳಿದರು:

"ನೋಡಪ್ಪ, ನಾಳೆಯಿಂದ ಅವಳು ಮೊದ್ಲು ತಿಂಡಿ ತಿನ್ಲಿ. ಹೊಟ್ಟೆ ತುಂಬ ತಿನ್ಲಿ. ನಾನು ಎದುರಿಗೆ ಕೂತಿರ್ತೀನಿ. ಅವಳು ತಿಂದು ಕೈ ತೊಳೆದ ಮೇಲೇ ನಾನು ಲಿಂಗ ಮುಟ್ಟೋದು."

"ಒಳ್ಳೇದೇ ಆಯ್ತಲ್ಲ" ಎಂದರು ಅಪ್ಪ. "ನಾನು ಎಷ್ಟೋ ಸಲ ಅಂದ್ಕೊಂಡಿದ್ದೆ." ಅಮ್ಮನ ಕಡೆ ತಿರುಗಿ, "ಕೇಳಿದ್ಯೇನೇ? ಇನ್ನು ನಿನಗೆ ಕಾಯೋದು ತಪ್ಪಿತು" ಎಂದರು. ಅವರಿಗೆ ನಿಜವಾಗಿ ಸಂತೋಷವಾಗಿತ್ತು.

ಅಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಪೇಂಟಿನ ವಾಸನೆಯ ಜೊತೆ ರೊಟ್ಟಿಯ ವಾಸನೆಯಿತ್ತು. ಅಪ್ಪ ತಿಂದು ಹೊರಗೆ ಹೋಗಿದ್ದರು. ಅತ್ತೆ ಮಾತ್ರೆ ನುಂಗಿ, ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಮ್ಮನ ತಟ್ಟೆಯ ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದರು. ಮುಚ್ಚಿದ ಕರಡಿಗೆ ಮಡಿಲಿನಲ್ಲಿತ್ತು. ಕೈ ಅದರ ಮೇಲಿತ್ತು, ಆಗಲೇ ಸ್ವಲ್ಪ ನಡುಗುತ್ತಿತ್ತು.

"ತಿನ್ನೇ" ಎಂದರು ಮೆತ್ತಗೆ. "ಆರಿ ಹೋಗುತ್ತೆ. ಬಿಸಿ ಅಂದ್ರೆ ಇಷ್ಟ ಅಲ್ವಾ ನಿನಗೆ?"

ತಟ್ಟೆಯಲ್ಲಿ ಎರಡು ರೊಟ್ಟಿ, ಚಟ್ನಿ, ಕರಗುತ್ತಿದ್ದ ಬೆಣ್ಣೆ. ಅಮ್ಮ ಒಂದು ತುಂಡು ಮುರಿದಳು. ಅದನ್ನು ಚಟ್ನಿಗೆ ಅದ್ದಿದಳು. ಬಾಯಿಯ ಹತ್ತಿರ ಒಯ್ದು ಅತ್ತೆಯ ಮುಖ ನೋಡಿದಳು. ತುಂಡನ್ನು ತಟ್ಟೆಗೆ ಇಟ್ಟಳು. ಅತ್ತೆ ಎಲ್ಲಿಗೂ ಹೋಗುವುದಿಲ್ಲ ಎನ್ನುವ ಹಾಗೆ ಕಾಲು ಮಡಿಸಿ ಸರಿಯಾಗಿ ಕೂತರು. ಬೆಣ್ಣೆ ಪೂರ್ತಿ ಕರಗಿ ತಟ್ಟೆಯ ಅಂಚಿನಲ್ಲಿ ಗಟ್ಟಿಯಾಗತೊಡಗಿತು.

ನಾನು ಬಸ್ಸಿಗೆ ಹೊರಟು, ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಬ್ಯಾಗನ್ನು ಕೆಳಗಿಟ್ಟೆ. ಕಪಾಟಿನಿಂದ ಒಂದು ತಟ್ಟೆ ತೆಗೆದುಕೊಂಡು, ಒಲೆಯ ಮೇಲಿನ ಕಾವಲಿಯಿಂದ ರೊಟ್ಟಿಯನ್ನು ನಾನೇ ಹಾಕಿಕೊಂಡು, ಅವರಿಬ್ಬರ ನಡುವೆ ನೆಲದ ಮೇಲೆ ಕೂತು ತಿಂದೆ. ರೊಟ್ಟಿ ನಾಲಿಗೆ ಸುಡುವಷ್ಟು ಬಿಸಿಯಿತ್ತು. ಇಬ್ಬರೂ ನನ್ನನ್ನು ನೋಡುತ್ತಿದ್ದರು. ಒಂದು ಮುಗಿದ ಮೇಲೆ ಎದ್ದು ಇನ್ನೊಂದು ಹಾಕಿಕೊಂಡೆ. ಅದನ್ನೂ ತಿಂದು, ತಟ್ಟೆ ತೊಳೆದು ಕವುಚಿಟ್ಟು, ಏಳೂವರೆಯ ಬಸ್ಸಿಗೆ ಹೋದೆ.